ಎರಡನೇ ಕೋಣೆಯ ಹಣ್ಣಾಗದ ಮಾವು

"ಇನ್ನೊಂದು ಕೊಯ್ಯಿರಿ," ಎಂದಳು ಗಂಗಾಲಕ್ಷ್ಮಿ.

ಹೆಡ್ ಕಾನ್‌ಸ್ಟೇಬಲ್ ವೆಂಕಟರಮಣಪ್ಪ ಕ್ರೇಟಿಗೆ ಕೈಹಾಕಿ ಮತ್ತೊಂದು ಬಾದಾಮಿ ಮಾವು ತೆಗೆದ. ಹೊರಗೆಲ್ಲ ಎಲೆಹಸಿರು. ಹಿಸುಕಿದರೆ ಬೆರಳಿಗೇ ನೋವು, ಅಷ್ಟು ಗಟ್ಟಿ. ಚಾಕು ಒತ್ತಿ ಎರಡು ಹೋಳು ಮಾಡಿದ. ಓಟೆಯ ಸುತ್ತ ತಿರುಳು ಕಂದಿ ಮಾಸಲಾಗಿತ್ತು. ಗಪ್ಪನೆ ಮೂಗಿಗೆ ಬಡಿಯಿತು ವಾಸನೆ.

"ಥೂ! ಇದೇನ್ ಮೇಡಂ, ಮಾವಿನಕಾಯಿನೋ ಕಳ್ಳಿನ ಅಂಗಡಿನೋ?"

"ಅದನ್ನೇ ನಾನೂ ಕೇಳ್ತಿರೋದು."

ಮೊನ್ನೆ ಬೆಳಿಗ್ಗೆ ಗೌನಿಪಲ್ಲಿ ರಸ್ತೆಯ ಈ ಮಂಡಿಯಲ್ಲಿ, ಮಾವು ಮಾಗಿಸುವ ಎರಡನೇ ಕೋಣೆಯೊಳಗೆ, ಪಾಲುದಾರ ಅಮರನಾಥ್ ಹೆಣವಾಗಿ ಸಿಕ್ಕಿದ್ದ. ಒಳಗೆಲ್ಲ ಹೆಂಡದ ವಾಸನೆ, ಬಾಗಿಲಿಗೆ ಹೊರಗಿನಿಂದ ಚಿಲಕ, ಅಷ್ಟರಿಂದಲೇ ಕೋಣೆ ನೋಡಿಕೊಳ್ಳುವ ಆಂಜಿ ನಿನ್ನೆ ಸಂಜೆ ಲಾಕಪ್ಪು ಸೇರಿದ್ದ.

ಒಟ್ಟಿಗೆ ಕುಡಿದರು, ಜಗಳವಾಯಿತು, ಆಂಜಿ ಚಿಲಕ ಹಾಕಿ ಓಡಿದ. ಠಾಣೆಯ ಲೆಕ್ಕ ಇದು. ಸಬ್ ಇನ್‌ಸ್ಪೆಕ್ಟರ್ ಗಂಗಾಲಕ್ಷ್ಮಿಗೆ ಮಾತ್ರ ಈ ಲೆಕ್ಕ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಾಸನೆ ಇತ್ತು, ಸರಿ. ಬಾಟಲಿ ಎಲ್ಲಿ? ಲೋಟ ಎಲ್ಲಿ? ಕುಡಿಯುವವರ ಸುತ್ತ ಬಿದ್ದಿರಬೇಕಾದ ಕಡ್ಲೆಬೀಜದ ಸಿಪ್ಪೆಯಾದರೂ ಎಲ್ಲಿ?

ಜೇಬಿನ ಫೋನು ಕುಣಿಯಿತು. ಸರ್ಕಲ್ ಇನ್‌ಸ್ಪೆಕ್ಟರು.

"ಏನ್ರೀ, ಮಾವಿನಹಣ್ಣು ತಿನ್ತಾ ಕೂತಿದ್ದೀರಂತೆ? ಮಧ್ಯಾಹ್ನ ಊಟ ಆಗ್ತಿದ್ದಂಗೇ ಆ ಆಂಜಿನ ಶ್ರೀನಿವಾಸಪುರದ ಕೋರ್ಟಿಗೆ ಹಾಜರುಪಡಿಸ್ಬೇಕು. ಜೈಲಿಗೆ ಹೋಗ್ಲಿ, ಕೇಸು ಮುಗೀಲಿ."

"ಊಟದ ತನಕ ಟೈಮ್ ಇದೆಯಲ್ಲ ಸಾರ್."

"ಅದ್ಯಾವ ಸೀಮೆ ಹಟಾನಮ್ಮಾ ನಿಂದು!" ಫೋನು ಕಟ್ಟಾಯಿತು.

ಮಂಡಿಯ ಗೇಟಿನಲ್ಲಿ ಆಂಜಿಯ ಹೆಂಡತಿ ಮುನಿಲಕ್ಷ್ಮಿ ಬೆಳಿಗ್ಗೆಯಿಂದ ನಿಂತಿದ್ದಳು. ಕೂತುಕೋ ಎಂದರೆ ಕೂರುವವಳಲ್ಲ, ಹೋಗು ಎಂದರೆ ಹೋಗುವವಳಲ್ಲ. ಗಂಗಾಲಕ್ಷ್ಮಿ ಹೊರಗೆ ಬಂದದ್ದೇ ತಡ, ಅಡ್ಡ ಬಂದಳು.

"ಮೇಡಂ, ನಮ್ಮೋರು ಹೆಂಡ ಮುಟ್ಟೋರಲ್ಲ. ಅವ್ರು ಊರಲ್ಲೇ ಇರ್ಲಿಲ್ಲ. ದೇವರಾಯಸಮುದ್ರದಲ್ಲಿ ನಮ್ಮ ಅಣ್ಣನ ಮನೆ ಗೃಹಪ್ರವೇಶ. ಚಪ್ಪರ ಹಾಕೋಕೆ ಅಂತ ಮುಂಚೇನೇ ಹೋದ್ರು. ನಮ್ಮ ಹಸು ಕರು ಹಾಕೋ ಹಂಗಿತ್ತು, ನಾನು ಇಲ್ಲೇ ಉಳ್ಕೊಂಡೆ."

"ನಿಮ್ಮ ಅಣ್ಣ ನಿಮ್ಮ ಕಡೆ ಹೇಳ್ದಲೆ ಇನ್ನೇನು ಹೇಳ್ತಾನೆ ಅಂತಾರಲ್ಲಮ್ಮ ಠಾಣೇಲಿ?"

"ಹಂಗಂದ್ರೆ ನೆಂಟ್ರ ಮನೆಗೆ ಹೋಗೋದೇ ತಪ್ಪಾ? ಮುಂದಿನ ಸಲ ಶತ್ರುಗಳ ಮನೆಗೆ ಹೋಗಿ ಅಂತೀನಿ ಬಿಡಿ." ಮಾತು ಗಡುಸಾಗಿತ್ತು, ಕಣ್ಣು ಮಾತ್ರ ತುಂಬಿತ್ತು. "ಮೇಡಂ, ಅವ್ರನ್ನ ಬಿಡಿಸ್ಕೊಡಿ. ಅಷ್ಟೇ. ಇನ್ನೇನೂ ಕೇಳಲ್ಲ."

ಗಂಗಾಲಕ್ಷ್ಮಿ ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಮಾಲೂರಿನ ತರಕಾರಿ ಬೆಳೆಗಾರರ ಮನೆಯ ಹೆಣ್ಣು ಅವಳು. ಬೀಜ ಮೊಳೆಯುವ ಮುಂಚೆ ಫಸಲಿನ ಮಾತು ಆಡಿ ಅಭ್ಯಾಸವಿರಲಿಲ್ಲ.

ಅಷ್ಟು ಹೊತ್ತಿಗೆ ಒಂದನೇ ಕೋಣೆಯಿಂದ ಚಂದನ ಓಡಿಯೇ ಬಂದಳು. ಹಣ್ಣು ತರಕಾರಿ ಕೆಡದ ಹಾಗೆ ಇಡುವ ವಿದ್ಯೆ ಓದಿ, ಕೋಲಾರದಲ್ಲಿ ಅದೇ ಕೆಲಸದಲ್ಲಿರುವ ಹುಡುಗಿ. ನಿನ್ನೆಯೇ ಗಂಗಾಲಕ್ಷ್ಮಿ ಕರೆಸಿಕೊಂಡಿದ್ದಳು. ಎರಡು ಕೈಯಲ್ಲೂ ಬಂಗಾರದ ಬಣ್ಣದ ಹಣ್ಣು.

"ಮೇಡಂ! ಒಂದನೇ ಕೋಣೆದು ನೋಡಿ. ಅದೇ ತೋಟ, ಅದೇ ಲೋಡು, ಒಂದೇ ದಿನ ತುಂಬಿದ್ದು. ಇಲ್ಲಿ ಎಲ್ಲಾ ಹಣ್ಣಾಗಿದೆ. ಅಲ್ಲಿ ಒಂದೂ ಆಗಿಲ್ಲ!"

"ಎರಡನೇ ಕೋಣೆಗೆ ಗ್ಯಾಸ್ ಕೊಟ್ಟಿಲ್ವೇನೋ?" ಎಂದ ವೆಂಕಟರಮಣಪ್ಪ.

"ಕೊಟ್ಟಿದ್ದಾರೆ. ಪೈಪು, ಮೀಟರು ಎಲ್ಲಾ ನೋಡ್ದೆ. ಎಥಿಲೀನ್ ಎರಡೂ ಕಡೆ ಒಂದೇ ಸಮ ಹೋಗಿದೆ."

"ಮತ್ತೆ ಯಾಕೆ ಹಣ್ಣಾಗ್ಲಿಲ್ಲ?"

ಚಂದನ ಉಸಿರು ಎಳೆದುಕೊಂಡಳು.

"ಮೇಡಂ, ಗಿಡದಿಂದ ಕಿತ್ರೆ ಹಣ್ಣು ಸತ್ತುಹೋಯ್ತು ಅಂತ ನಾವು ಅಂದ್ಕೋತೀವಿ. ಇಲ್ಲ. ಅದಕ್ಕೆ ಜೀವ ಇರುತ್ತೆ, ಉಸಿರಾಡುತ್ತೆ. ನಮ್ಮ ಹಾಗೇ ಆಮ್ಲಜನಕ ಒಳಗೆ, ಕಾರ್ಬನ್ ಡೈಆಕ್ಸೈಡ್ ಹೊರಗೆ. ಈ ಎಥಿಲೀನ್ ಬಿತ್ತು ಅನ್ನಿ, ಉಸಿರು ಜೋರಾಗಿಬಿಡುತ್ತೆ. ಬೆಟ್ಟ ಹತ್ತಿದೋರ ತರ ಏದುಸಿರು. ಆ ಭರದಲ್ಲೇ ಹಣ್ಣು ಮಾಗೋದು."

"ಸರಿ."

"ಅದಕ್ಕೇ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಗಾಳಿಕಿಂಡಿ ತೆಗೆದು ಒಳಗಿನ ಕೆಟ್ಟಗಾಳಿ ಬಿಡಬೇಕು. ಬಿಡ್ದೇ ಇದ್ರೆ ಏನಾಗುತ್ತೆ? ಟನ್‌ಗಟ್ಟಲೆ ಮಾವು ಕೂತ್ಕೊಂಡು ಇದ್ದ ಆಮ್ಲಜನಕನೆಲ್ಲ ಎಳೆದು ಮುಗಿಸುತ್ತೆ. ಬಿಟ್ಟ ಕಾರ್ಬನ್ ಡೈಆಕ್ಸೈಡ್ ಕೋಣೆ ತುಂಬುತ್ತೆ. ಅದು ತುಂಬ್ತಾ ತುಂಬ್ತಾ ಎಥಿಲೀನ್ ಕೆಲಸಾನ ತಡೆದುಬಿಡುತ್ತೆ, ಮಾಗೋದು ನಿಲ್ಲುತ್ತೆ. ಆಮೇಲೂ ಹಣ್ಣು ಬದುಕ್ಬೇಕಲ್ಲ? ಗಾಳಿ ಇಲ್ದೇನೇ ಬದುಕೋಕೆ ನೋಡುತ್ತೆ. ದೋಸೆ ಹಿಟ್ಟು ಹುಳಿ ಬರೋ ಹಾಗೆ ಒಳಗೊಳಗೇ ಹುದುಗುತ್ತೆ. ಆಗ ಹುಟ್ಟೋದೇ ಆಲ್ಕೋಹಾಲ್!"

ವೆಂಕಟರಮಣಪ್ಪನ ಬಾಯಿ ತೆರೆದೇ ಇತ್ತು. "ಅಂದ್ರೆ ಕುಡಿದಿದ್ದು ಅಮರನಾಥ್ ಅಲ್ಲ. ಮಾವಿನಕಾಯಿ!"

"ಕುಡಿದಿಲ್ಲ ಸಾರ್. ತಾನೇ ಕಾಯಿಸ್ಕೊಂಡಿದೆ."

"ಅಬಕಾರಿಯೋರಿಗೆ ಹೇಳ್ಬೇಕು ಕಣಮ್ಮ ಇದನ್ನ."

ಗಂಗಾಲಕ್ಷ್ಮಿ ನಗಲಿಲ್ಲ. "ಅಂಥಾ ಕೋಣೆಗೆ ಮನುಷ್ಯ ಕಾಲಿಟ್ಟು, ಹಿಂದೆ ಚಿಲಕ ಬಿದ್ರೆ?"

ಚಂದನಳ ಕೈಯ ಹಣ್ಣು ಕೆಳಗಿಳಿಯಿತು. "ಕೂಗೋಕೂ ಆಗಲ್ಲ ಮೇಡಂ. ತಲೆ ಸುತ್ತಿ ಕುಸಿದುಬಿಡ್ತಾರೆ."

"ಹಾಗಿದ್ರೆ ಅದನ್ನ ಮಾಡಿದೋರು ಬಾಗಿಲಿಗೆ ಮಾತ್ರ ಚಿಲಕ ಹಾಕಿಲ್ಲ. ಗಾಳಿಕಿಂಡೀನೂ ಮುಚ್ಚಿರ್ಬೇಕು. ಬನ್ನಿ ಹಿಂದಕ್ಕೆ!"

ಮೂವರೂ ಕೋಣೆ ಬಳಸಿ ಹಿಂದಕ್ಕೆ ಧಾವಿಸಿದರು. ಗೋಡೆಯ ಎತ್ತರದಲ್ಲಿ ತಗಡಿನ ರೆಕ್ಕೆಯ ಕಿಂಡಿ. ಈಗ ತೆರೆದೇ ಇತ್ತು. ಒಳಗಿನ ಫ್ಯಾನಿನ ರೆಕ್ಕೆಗೆ ತುಕ್ಕು ಹಿಡಿದು ಎಷ್ಟೋ ಕಾಲವಾದಂತಿತ್ತು. ನಿನ್ನೆ ನೋಡಿದಾಗಲೂ ಕಿಂಡಿ ಹೀಗೇ ತೆರೆದಿತ್ತು. ಅದಕ್ಕೇ ಯಾರೂ ಮತ್ತೆ ತಲೆಯೆತ್ತಿ ನೋಡಿರಲಿಲ್ಲ. ಗಂಗಾಲಕ್ಷ್ಮಿ ಖಾಲಿ ಕ್ರೇಟುಗಳನ್ನು ಜೋಡಿಸಿ ಹತ್ತಿದಳು. ತಗಡಿನ ಅಂಚಿಗೆ ಉಗುರು ಹಾಕಿ ಕೆರೆದಳು.

ಉಗುರಿನಲ್ಲಿ ಮಣ್ಣು ಬಂತು. ಒಣಗಿದ ಕೆಮ್ಮಣ್ಣು, ಅದರಲ್ಲಿ ಹುಲ್ಲಿನ ಎಳೆ. ಮೂಸಿದಳು. ಸಗಣಿ.

"ಸುತ್ತಲೂ ಮೆತ್ತಿದ್ದಾರೆ. ಆಮೇಲೆ ಕೆರೆದು ತೆಗೆದಿದ್ದಾರೆ. ಮೂಲೇಲಿ ಮಾತ್ರ ಉಳ್ಕೊಂಡಿದೆ."

ವೆಂಕಟರಮಣಪ್ಪ ಕೆಳಗಿನಿಂದ ಕೈ ಚಾಚಿ ಆ ಚೂರು ಇಸಿದುಕೊಂಡ. ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಂತೆ ಮುಖವೇ ಬದಲಾಯಿತು.

"ಮೇಡಂ, ಇದು ಹಗೇವಿನ ಬಾಯಿ ಮೆತ್ತೋ ಮಣ್ಣು!"

ಈ ಸೀಮೆಯ ಹಳಬರಿಗೆ ಹಗೇವು ಗೊತ್ತಿಲ್ಲದೆ ಇಲ್ಲ. ಮನೆ ಮುಂದೆ ನೆಲದೊಳಗೆ ತೋಡಿದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ವರ್ಷದ ರಾಗಿಯೆಲ್ಲ ಅದರೊಳಗೆ. ಮೇಲೆ ಚಪ್ಪಡಿ ಎಳೆದು, ಕೆಮ್ಮಣ್ಣಿಗೆ ಸಗಣಿ ಕಲಸಿ ಮೆತ್ತಿಬಿಟ್ಟರೆ ಇರುವೆ ಹೋಗಲೂ ಸಂದಿಯಿಲ್ಲ. ರಾಗಿ ತೆಗೆಯಬೇಕೆಂದರೆ ಚಪ್ಪಡಿ ಸರಿಸಿ ಸುಮ್ಮನೆ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಯಾರೂ ಇಳಿಯಬಾರದು, ಬಾಯಿ ತೆರೆದಿಟ್ಟು ಕಾಯಬೇಕು. ಅವಸರಪಟ್ಟು ಇಳಿದವರನ್ನು ಹೆಣವಾಗಿ ಮೇಲೆತ್ತಿದ ಊರುಗಳು ಕೋಲಾರದ ಸುತ್ತ ಬೇಕಾದಷ್ಟಿವೆ. ರಾಗಿಯೂ ಮಾವಿನ ಹಾಗೆಯೇ ಕತ್ತಲಲ್ಲಿ ಕೂತು ಉಸಿರಾಡುತ್ತದೆ ಎಂದು ಆಗಿನವರಿಗೆ ತಿಳಿದಿರಲಿಲ್ಲ. ದೀಪಕ್ಕೆ ಆಗದ ಗಾಳಿ ಮನುಷ್ಯನಿಗೂ ಆಗದು ಎಂಬುದಷ್ಟು ತಿಳಿದಿತ್ತು.

"ಹಗೇವು ಮುಚ್ಚೋ ರೀತಿ ಮುಚ್ಚಿದ್ದಾರೆ," ಎಂದಳು ಗಂಗಾಲಕ್ಷ್ಮಿ ನಿಧಾನವಾಗಿ. "ಹಾಗಿದ್ರೆ ತೆಗೆದೋರು?"

ಅವಳು ಕ್ರೇಟಿನಿಂದ ಧುಮುಕಿದಳು. ಓಡುತ್ತಲೇ ಎರಡನೇ ಕೋಣೆಯ ಬಾಗಿಲಿಗೆ ಬಂದಳು. ಹೊಸ್ತಿಲ ಪಕ್ಕದಲ್ಲಿ ಖಾಲಿ ಕ್ರೇಟುಗಳ ಸಾಲು. ಒಂದೊಂದೇ ಎಳೆದು ಹಿಂದಕ್ಕೆ ಎಸೆದಳು.

"ಏನ್ ಹುಡುಕ್ತಿದ್ದೀರ ಮೇಡಂ?"

"ಇದನ್ನ!"

ಗೋಡೆಗೂ ಕ್ರೇಟಿಗೂ ನಡುವೆ, ಯಾರೋ ಕಾಲಲ್ಲಿ ಒತ್ತರಿಸಿದ ಹಾಗೆ, ಒಂದು ಹಿತ್ತಾಳೆಯ ದೀಪ. ಎಣ್ಣೆ ಮುಕ್ಕಾಲು ತುಂಬಿತ್ತು. ಬತ್ತಿಯ ತುದಿ ಮಾತ್ರ ಚೂರು ಕಪ್ಪು. ಹಚ್ಚಿದ್ದೇ ತಡ ಆರಿಹೋದ ದೀಪ.

ವೆಂಕಟರಮಣಪ್ಪ ಗೋಡೆಯ ಕಡೆ ತಿರುಗಿ ನೋಡಿದ. ಅಲ್ಲಿ ಕೆಂಪು ಬಣ್ಣದಲ್ಲಿ ಆಳೆತ್ತರದ ಅಕ್ಷರ: ಬೆಂಕಿ ತರಬಾರದು.

ಇದು ಗೋಡೆಯ ಮೇಲಿನ ಬರಹ ಮಾತ್ರವಲ್ಲ. ಹಿಂದೆ ಕಾರ್ಬೈಡ್ ಕಲ್ಲು ಹಾಕಿ ಹಣ್ಣು ಮಾಡುತ್ತಿದ್ದ ಕಾಲದಲ್ಲಿ, ಕಲ್ಲಿಗೆ ನೀರು ತಾಗಿ ಎದ್ದ ಗಾಳಿಗೆ ಬೀಡಿಯ ಕಿಡಿ ಸೋಕಿ ಕೈ ಮುಖ ಸುಟ್ಟುಕೊಂಡವರನ್ನು ಮಂಡಿಯ ಜನ ಕಂಡಿದ್ದರು. ಕಲ್ಲು ಹೋಗಿ ಸಿಲಿಂಡರು ಬಂದರೂ ಆ ಭಯ ಹೋಗಿರಲಿಲ್ಲ. ಇಲ್ಲಿ ಕೆಲಸಕ್ಕೆ ಬರುವವರೆಲ್ಲ ಬೀಡಿ, ಬೆಂಕಿಪೊಟ್ಟಣವನ್ನು ಗೇಟಿನ ತಗಡಿನ ಡಬ್ಬದಲ್ಲಿ ಹಾಕಿಯೇ ಒಳಗೆ ಬರುತ್ತಿದ್ದರು. ಮರೆತು ತಂದವನಿಗೆ ಆ ದಿನ ಕೆಲಸವಿಲ್ಲ.

"ಹಣ್ಣು ಮಾಡೋ ಗ್ಯಾಸ್ ಇದೆ ಅಂದ್ಕೊಂಡಿರೋ ಯಾವನೂ ಇಲ್ಲಿಗೆ ದೀಪ ತರಲ್ಲ," ಎಂದಳು ಗಂಗಾಲಕ್ಷ್ಮಿ. "ದೀಪ ತಂದೋನಿಗೆ ಒಳಗೆ ಇರೋದು ಬೆಂಕಿ ಹತ್ತೋ ಗಾಳಿ ಅಲ್ಲ, ಬೆಂಕಿ ಆರಿಸೋ ಗಾಳಿ ಅಂತ ಮೊದಲೇ ಗೊತ್ತಿತ್ತು!"

ಹಣ್ಣು ಆರಿಸುವ ಕೆಲಸದ ದೊಡ್ಡಮುನಿಯಮ್ಮ ಬುಟ್ಟಿ ಹೊತ್ತು ಹೋಗುತ್ತಿದ್ದವಳು ದೀಪ ನೋಡಿ ನಿಂತಳು.

"ಅಯ್ಯೋ ದೇವುಡಾ, ಈ ದೀಪ ಇಲ್ಲಿದ್ಯಾ? ಮೊನ್ನೆಯಿಂದ ಹುಡುಕ್ತಾವ್ನಿ!"

"ಯಾರದಜ್ಜಿ ಇದು?"

"ಆಫೀಸಲ್ಲಿ ದೇವರ ಪಟ ಐತಲ್ಲ, ಅದರ ಮುಂದಿಂದು. ದಿನಾ ನಾನೇ ಬೆಳಗಿಡ್ತೀನಿ. ಮೊನ್ನೆ ಹೆಣದ ಗಲಾಟೆ ಮುಗಿದ ಮೇಲೆ ನೋಡ್ತೀನಿ, ಇಲ್ಲ. ಸಾವುಕಾರ್ರನ್ನ ಕೇಳಿದ್ರೆ 'ನಾಕು ತೆಲೀದು ಪೋ', ನಂಗೊತ್ತಿಲ್ಲ ಹೋಗು ಅಂತ ರೇಗಿಬಿಟ್ರು. ದೀಪ ಕೇಳಿದ್ರೆ ಯಾರಾದ್ರೂ ರೇಗ್ತಾರಾ?"

"ಮೊನ್ನೆ ಬೆಳಿಗ್ಗೆ ಆಫೀಸು ತೆಗೆದಿದ್ದು ಯಾರು?"

"ಇನ್ಯಾರು ತೆಗೀತಾರಮ್ಮ? ಬೀಗದ ಕೈ ಅವರ ಸೊಂಟದಲ್ಲೇ ನೇತಾಡ್ತಿರ್ತದಲ್ಲ."

ಸಾಹುಕಾರ ಎಂದರೆ ಉಮಾಶಂಕರ್, ಮಂಡಿಯ ಯಜಮಾನ. ಸತ್ತ ಅಮರನಾಥನ ಪಾಲುದಾರ. ಮೊನ್ನೆ ಎರಡನೇ ಕೋಣೆಯ ಚಿಲಕ ತೆಗೆದು ಹೆಣ ನೋಡಿದವನೂ ಅವನೇ. ಹೆಂಡದ ವಾಸನೆ ಬಾಗಿಲಾಚೆಗೂ ಬರುತ್ತಿತ್ತು, ಅದಕ್ಕೆ ತೆಗೆದೆ ಎಂದು ಪೊಲೀಸರಿಗೆ ಹೇಳಿದ್ದ.

ಗಂಗಾಲಕ್ಷ್ಮಿ ಚಂದನಳನ್ನು ಹತ್ತಿರ ಕರೆದಳು. "ನಿನ್ನೆ ಸಂಜೆ ಹಾಲಿನ ಕ್ಯಾನಿಗೆ ಹಣ್ಣು ತುಂಬಿಟ್ಟಿದ್ಯಲ್ಲ?"

"ಒಂದನೇ ಕೋಣೆದು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿಯಾಗಿ ಮುಚ್ಚಿದ್ದೀನಿ."

"ತಗೊಂಡು ಬಾ. ಅಂಗಳದ ಮಧ್ಯಕ್ಕೆ. ಎಲ್ಲರನ್ನೂ ಕರೀರಿ. ಸಾಹುಕಾರ್ರನ್ನೂ."

ಮಂಡಿಯ ಕೆಲಸ ನಿಂತಿತು. ಲಾರಿಗೆ ಹೇರುತ್ತಿದ್ದವರು, ಹಣ್ಣು ಆರಿಸುತ್ತಿದ್ದ ಹೆಂಗಸರು, ಲಾರಿ ಡ್ರೈವರುಗಳು ಸುತ್ತ ಸೇರಿದರು. ಗೇಟಿನ ಮುನಿಲಕ್ಷ್ಮಿಯೂ ಒಳಗೆ ಬಂದಳು. ಉಮಾಶಂಕರ್ ಆಫೀಸಿನಿಂದ ಇಳಿದು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೆಗಲಿಗೆ ಟವಲು.

"ಏನ್ ಮೇಡಂ, ಮ್ಯಾಜಿಕ್ ಶೋನಾ? ಸೀಸನ್ ಟೈಮಲ್ಲಿ ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ."

"ಬೇಗ ಮುಗಿಸ್ತೀನಿ ಸಾರ್."

ಉದ್ದನೆಯ ತಂತಿಗೆ ಸೌಟು ಕಟ್ಟಿ, ಅದರಲ್ಲಿ ಕರ್ಪೂರ ಇಟ್ಟು ವೆಂಕಟರಮಣಪ್ಪ ಸಿದ್ಧನಾಗಿದ್ದ. ಚಂದನ ಕ್ಯಾನಿನ ಮುಚ್ಚಳ ತಿರುಗಿಸಿದಳು. ಗಂಗಾಲಕ್ಷ್ಮಿ ಬೆಂಕಿಕಡ್ಡಿ ಗೀರಿದಳು.

"ಯಮ್ಮೋ! ಬೆಂಕಿ! ಬ್ಯಾಡಿ ಮೇಡಂ!"

"ಹಣ್ಣಿನ ಗ್ಯಾಸು! ಹತ್ಕೊಂತದೆ! ಓಡ್ರಲೇ!"

ಜನ ಒಟ್ಟಿಗೆ ಹಿಂದಕ್ಕೆ ನುಗ್ಗಿದರು. ದೊಡ್ಡಮುನಿಯಮ್ಮ ಬುಟ್ಟಿ ಬಿಟ್ಟು ಓಡಿದಳು. ಒಬ್ಬ ಡ್ರೈವರು ಲಾರಿಯಡಿಯೇ ನುಸುಳಿದ. ಮುನಿಲಕ್ಷ್ಮಿ ಸೆರಗು ಮುಖಕ್ಕೆ ಒತ್ತಿಕೊಂಡು ಕಂಬದ ಮರೆಗೆ ಸರಿದಳು.

ಕರ್ಪೂರ ಭಗ್ಗೆಂದು ಉರಿಯಿತು. ವೆಂಕಟರಮಣಪ್ಪ ಸೌಟನ್ನು ಕ್ಯಾನಿನ ಬಾಯೊಳಗೆ ಇಳಿಸಿದ. ಯಾರೋ ಅದುಮಿದ ಹಾಗೆ ಜ್ವಾಲೆ ಮಾಯವಾಯಿತು. ಸದ್ದಿಲ್ಲ, ಸಿಡಿತವಿಲ್ಲ. ಒಂದೆಳೆ ಹೊಗೆ ಅಷ್ಟೇ.

"ನೋಡಿದ್ರಾ!" ಎಂದು ಕೂಗಿದಳು ಚಂದನ. "ಒಂದು ರಾತ್ರೀಲಿ ಇಷ್ಟು ಹಣ್ಣು ಈ ಕ್ಯಾನಿನ ಗಾಳಿನೆಲ್ಲ ಮುಗಿಸಿದೆ!"

ಜನ ಗುಜುಗುಟ್ಟುತ್ತ ಮತ್ತೆ ಹತ್ತಿರ ಬಂದರು. ಗಂಗಾಲಕ್ಷ್ಮಿ ಮಾತ್ರ ಕ್ಯಾನಿನ ಕಡೆ ನೋಡಿರಲೇ ಇಲ್ಲ. ಕಡ್ಡಿ ಗೀರಿದ ಹೊತ್ತಿನಿಂದ ಅವಳ ಕಣ್ಣು ಒಬ್ಬನ ಪಾದದ ಮೇಲಿತ್ತು.

ಉಮಾಶಂಕರನ ಚಪ್ಪಲಿ ನಿಂತ ಜಾಗದಿಂದ ಒಂದಂಗುಲ ಕದಲಿರಲಿಲ್ಲ.

"ಸಾರ್," ಎಂದಳು, "ಆಫೀಸಿಗೆ ಹೋಗೋಣ ಬನ್ನಿ."

ಆಫೀಸಿನ ಫ್ಯಾನು ಗರಗರ ತಿರುಗುತ್ತಿತ್ತು. ಉಮಾಶಂಕರ್ ತನ್ನ ಕುರ್ಚಿಯಲ್ಲಿ ಕೂತ. ಗಂಗಾಲಕ್ಷ್ಮಿ ನಿಂತೇ ಇದ್ದಳು. ವೆಂಕಟರಮಣಪ್ಪ ಬಾಗಿಲಿಗೆ ಅಡ್ಡವಾಗಿ, ಚಂದನ ಕಿಟಕಿಯ ಹತ್ತಿರ.

"ಎಲ್ರೂ ಓಡಿದ್ರು. ನೀವು ಓಡ್ಲಿಲ್ಲ."

"ಪೊಲೀಸರೇ ಹಚ್ತಿದ್ದಾರೆ, ಯಾಕೆ ಓಡ್ಲಿ?"

"ಪೊಲೀಸರು ಹಚ್ಚಿದ ಬೆಂಕಿ ಸುಡಲ್ವಾ ಸಾರ್? ಈ ಹಿಂದೆ ಒಬ್ಬ ಬೀಡಿ ತಂದಿದ್ದಕ್ಕೆ ಅವನ ಕೆನ್ನೆಗೆ ಬಿಟ್ಟಿದ್ರಂತೆ ನೀವು. ಅಷ್ಟು ಭಯ ಇದ್ದೋರು."

"ಅದು ಬೇರೆ."

"ಹೆಂಗೆ ಬೇರೆ?"

ಉಮಾಶಂಕರ್ ಟವಲಿನಿಂದ ಕತ್ತು ಒರೆಸಿಕೊಂಡ. ಗಂಗಾಲಕ್ಷ್ಮಿ ಹಿತ್ತಾಳೆಯ ದೀಪವನ್ನು ಮೇಜಿನ ಮೇಲೆ ಇಟ್ಟಳು. ಅವನ ಕಣ್ಣು ಅದರ ಮೇಲೆ ಬಿದ್ದು, ತಕ್ಷಣ ದೇವರ ಪಟದ ಕಡೆ ಹೋಯಿತು.

"ಅದು... ಯಾರೋ ತಗೊಂಡು ಹೋಗಿರ್ಬೇಕು."

"ನಿಮ್ಮ ಸೊಂಟದ ಬೀಗದ ಕೈ ತಗೊಂಡಾ?"

"ನೋಡಮ್ಮ, ನಾನು ಈ ಊರಲ್ಲಿ..."

"ಊರ ಮಾತು ಆಮೇಲೆ. ಮೊನ್ನೆ ಬೆಳಿಗ್ಗೆ ನೀವು ಈ ದೀಪ ಹಚ್ಚಿ ಎರಡನೇ ಕೋಣೆ ಹೊಸ್ತಿಲಲ್ಲಿ ಇಟ್ರಿ. ಆರಿಹೋಯ್ತು. ಬಾಗಿಲು ತೆರೆದಿಟ್ಟು ಕಾದ್ರಿ, ಆಮೇಲೆ ಒಳಗೆ ಹೋದ್ರಿ. ಹಗೇವಿನ ದೀಪ! ಒಳಗೆ ಸಾಯೋ ಗಾಳಿ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೆಂಡದ ಕತೆ ಕಟ್ಟಿದ್ರಿ. ಒಬ್ಬ ಬಡಪಾಯಿ ಜೈಲಿಗೆ ಹೋಗೋದನ್ನ ಕೂತು ನೋಡ್ತಿದ್ದೀರಿ. ಕಿಂಡಿಗೆ ಮಣ್ಣು ಮೆತ್ತಿದ್ದೂ ನೀವೇನಾ?"

"ಇಲ್ಲ!" ಉಮಾಶಂಕರ್ ಎದ್ದೇಬಿಟ್ಟ. ಕುರ್ಚಿ ಹಿಂದಕ್ಕೆ ಬಿತ್ತು. "ದೇವರಾಣೆ ಇಲ್ಲ! ಅಮರ ನನ್ನ ಜೊತೇಲಿ ಓದಿದೋನು ಕಣಮ್ಮ!"

"ಮೆತ್ತಿದ ಮಣ್ಣು ಕೆರೆದಿದ್ದು?"

ಅವನು ಕಣ್ಣು ಮುಚ್ಚಿಕೊಂಡ. "...ಅದು ನಾನೇ."

ವೆಂಕಟರಮಣಪ್ಪ ಬಾಗಿಲಲ್ಲೇ ಒಂದು ಹೆಜ್ಜೆ ಮುಂದೆ ಬಂದ.

"ಹೆಣ ನೋಡಿದ ಮೇಲೆ ಹಿಂದೆ ಹೋದೆ," ಉಮಾಶಂಕರನ ಮಾತು ಈಗ ತಾನಾಗಿ ಬರುತ್ತಿತ್ತು. "ಕಿಂಡಿ ಮೆತ್ತಿತ್ತು. ಅದರ ಫ್ಯಾನು ಕೆಟ್ಟು ಕಾಲ ಆಗಿತ್ತು, ಇವತ್ತು ರಿಪೇರಿ ನಾಳೆ ರಿಪೇರಿ ಅಂತ ಬಿಟ್ಟಿದ್ದೆ. ಗಾಳಿ ಇಲ್ದೇ ಸತ್ತ ಅಂದ್ರೆ ಮಂಡಿಗೆ ಬೀಗ ಜಡೀತಾರೆ, ಸೀಸನ್ ಅರ್ಧದಲ್ಲಿ. ಬಂದ ಪೊಲೀಸರು ಮೂಗು ಹಿಡ್ಕೊಂಡು 'ಹೆಂಡ' ಅಂದ್ರು. ನಾನೂ ಹೂಂ ಅಂದೆ. ತಪ್ಪು. ದೊಡ್ಡ ತಪ್ಪು. ಆದ್ರೆ ಕೊಲ್ಲಲಿಲ್ಲ ಮೇಡಂ ನಾನು."

"ಹಾಗಿದ್ರೆ ದೀಪ? ಬಾಗಿಲು ತೆಗೆಯೋಕೆ ಮುಂಚೆ ನಿಮಗೆ ಹೆಂಗೆ ಗೊತ್ತಾಯ್ತು?"

"ನನಗೆ ಗೊತ್ತಿರ್ಲಿಲ್ಲ. ಹೇಳಿದ್ರು."

"ಯಾರು?"

ಉಮಾಶಂಕರ್ ಜೇಬಿನಿಂದ ಫೋನು ತೆಗೆದ. ಎರಡು ಸಲ ತಪ್ಪು ಒತ್ತಿದ. ಕೊನೆಗೆ ಪರದೆಯನ್ನು ಅವಳ ಕಡೆ ತಿರುಗಿಸಿದ. ಮೊನ್ನೆ, ಬೆಳಕು ಹರಿಯುವ ಹೊತ್ತು, ಬಂದ ಕರೆ. ಮೇಲೆ ಹೆಸರು: ರೂಮ್ ಆಂಜಿ.

ಬಾಗಿಲ ಹೊರಗೆ ಏನೋ ಬಿದ್ದ ಸದ್ದಾಯಿತು. ವೆಂಕಟರಮಣಪ್ಪ ಸರಿದು ನೋಡಿದ. ಗಂಡನಿಗೆಂದು ತಂದಿದ್ದ ಬುತ್ತಿಯ ಡಬ್ಬಿ ನೆಲದಲ್ಲಿ ಉರುಳುತ್ತಿತ್ತು. ಹೊಸ್ತಿಲಲ್ಲಿ ಮುನಿಲಕ್ಷ್ಮಿ.

ಗಂಗಾಲಕ್ಷ್ಮಿ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಬೆಳಿಗ್ಗೆಯಿಂದ ಒಂದೊಂದೇ ಎಳೆ ಹಿಡಿದು ಬಿಡಿಸಿಕೊಂಡು ಬಂದ ಗಂಟು, ತಿರುಗಿ ಆಂಜಿಯ ಕತ್ತಿಗೇ ಬಿಗಿಯುತ್ತಿತ್ತು. ದೇವರಾಯಸಮುದ್ರದಲ್ಲಿ ಚಪ್ಪರ ಹಾಕುತ್ತಿದ್ದವನಿಗೆ, ಮುಚ್ಚಿದ ಕೋಣೆಯೊಳಗಿನ ಗಾಳಿಯ ವಿಷಯ ಹೇಗೆ ತಿಳಿಯಬೇಕು?

"ಏನಂದ ಆಂಜಿ?"

"ಆಂಜಿ ಅಲ್ಲ ಮೇಡಂ," ಎಂದ ಉಮಾಶಂಕರ್. "ಫೋನು ಅವನದು. ಮಾತಾಡಿದ್ದು ಹೆಂಗಸು. 'ಎರಡನೇ ಕೋಣೆ ಬಾಗಿಲು ತೆಗೀರಿ, ದೀಪ ಇಟ್ಟು ನೋಡ್ದೆ ಕಾಲಿಡಬೇಡಿ' ಅಂದ್ಲು. ಯಾರಮ್ಮ ಅಂದೆ. ಕಟ್ಟಾಯ್ತು."

ಮುನಿಲಕ್ಷ್ಮಿ ವೆಂಕಟರಮಣಪ್ಪನನ್ನು ಒತ್ತರಿಸಿಕೊಂಡು ಒಳಗೆ ಬಂದಳು. ಎರಡೂ ಕೈ ಜೋಡಿಸಿ ಮುಂದೆ ಚಾಚಿದಳು, ಬೇಡಿ ಹಾಕಿಸಿಕೊಳ್ಳುವವಳಂತೆ.

"ನಾನೇ ಮೇಡಂ. ಆ ಫೋನು ಮಾಡಿದ್ದು ನಾನೇ. ಮಣ್ಣು ಮೆತ್ತಿದ್ದೂ ನಾನೇ. ನನ್ನ ಹಿಡ್ಕೊಳ್ಳಿ. ಅವ್ರನ್ನ ಬಿಡಿ."

"ಮುನಿಲಕ್ಷ್ಮಿ, ಯೋಚ್ನೆ ಮಾಡಿ ಮಾತಾಡಮ್ಮ. ನೀನು ಹಸು ನೋಡ್ಕೊಂಡು ಗೌನಿಪಲ್ಲೀಲಿ ಇದ್ದೆ. ನಿನ್ನ ಗಂಡನ ಫೋನು ನಿನ್ನ ಕೈಗೆ ಹೆಂಗೆ ಬಂತು?"

"ಬಂತು. ಬಂತು ಅಂತಿದ್ದೀನಲ್ಲ!" ಅವಳು ಕಿರುಚಿದಳು. "ಬರ್ಕೊಳ್ಳಿ, ಎಲ್ಲಿ ಹೆಬ್ಬೆಟ್ಟು ಒತ್ಬೇಕು ಹೇಳಿ, ಒತ್ತೀನಿ!"

ಉಮಾಶಂಕರ್ ನಿಧಾನವಾಗಿ ತಲೆಯಾಡಿಸಿದ.

"ಇವಳಲ್ಲ ಮೇಡಂ. ದಿನಾ ಬುತ್ತಿ ತಂದಾಗ ಈ ಬಾಗಿಲಲ್ಲೇ ನಿಂತು ಕೂಗ್ತಾಳೆ, ಇವಳ ದನಿ ನನಗೆ ಗೊತ್ತು. ಅದು ಬೇರೆ ದನಿ. ಪಕ್ಕದಲ್ಲಿ ಆಂಜಿ ಇದ್ದ. ಕಟ್ ಮಾಡೋ ಮುಂಚೆ ಅವಳು ಅವನ ಕಡೆ ತಿರುಗಿ ಹೇಳಿದ್ದು ಕೇಳಿಸ್ತು. 'ಅಳಬೇಡ ಕಣೋ ಆಂಜಿ, ನಾನಿದ್ದೀನಿ' ಅಂತ."

ಮುನಿಲಕ್ಷ್ಮಿಯ ಚಾಚಿದ ಕೈಗಳು ಅಲ್ಲೇ ಇದ್ದವು, ಬಹಳ ಹೊತ್ತು. ಆಮೇಲೆ ಒಂದು ಕೆಳಗಿಳಿಯಿತು. ಇನ್ನೊಂದೂ ಇಳಿಯಿತು. ಕಣ್ಣೀರನ್ನು ಸೆರಗಿನಿಂದ ಗಸಗಸನೆ ಒರೆಸಿಕೊಂಡಳು.

"ಮೇಡಂ," ಎಂದಳು. "ಅವ್ರನ್ನ ಬಿಡಬೇಡಿ. ಮೊದ್ಲು ಅವ್ರನ್ನ ನಾನೊಂದು ಮಾತು ಕೇಳ್ಬೇಕು, ಅವಳ್ಯಾರು ಅಂತ."